ಅಪಲೇಚಿಯಾದ ಫಿಡ್ಲ್ ಮಟ್ಟುಗಳ ಹಳೆಯ ಟೇಪುಗಳು: ಏನನ್ನು ದಾಖಲಿಸಬೇಕು, ಹೇಗೆ ದಾಖಲಿಸಬೇಕು?

ಮಂದ್ರಪಂಚಮ (ಎಳೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಹನ್ನೆರಡು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತು, ಈಗ ಬಹಳ ವರ್ಷಗಳಿಂದ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನೆಲೆಸಿರುವ ನನ್ನ ಪಾಲಿಗೆ ಒಂದು ಜವಾಬ್ದಾರಿ ಬಂದಿದೆ. ಅದನ್ನು ಕೆಡಿಸದೆ ನಿಭಾಯಿಸಲು ನಿಮ್ಮ ಸಲಹೆ ಬೇಕು.

ನನ್ನೊಡನೆ ಕೆಲಸ ಮಾಡುವ ಒಬ್ಬರ ತಂದೆ ಸರ್ರಿ ಕೌಂಟಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಅಪಲೇಚಿಯಾ ಎಂದು ಕರೆಯುವ ಪೂರ್ವ ಅಮೆರಿಕದ ಬೆಟ್ಟನಾಡಿನಲ್ಲಿ, ಬ್ಲೂ ರಿಜ್ ಬೆಟ್ಟಸಾಲಿನ ಬುಡದಲ್ಲಿ, ವರ್ಜೀನಿಯಾ ಗಡಿಗೆ ಹೊಂದಿಕೊಂಡಿರುವ ಸೀಮೆ ಅದು. ಫಿಡ್ಲ್ ಮತ್ತು ಬ್ಯಾಂಜೊ ನುಡಿಸುವವರಿಗೆ ಹೆಸರಾದ ನೆಲ. ಅವರು ಶನಿವಾರ ರಾತ್ರಿಯ ಕುಣಿತಗಳಿಗೆ ಫಿಡ್ಲ್ ನುಡಿಸುತ್ತಿದ್ದರಂತೆ. ಮನೆಗೆ ಬಂದ ನೆರೆಹೊರೆಯ ವಾದಕರನ್ನು ಅಡುಗೆಮನೆಯ ಮೇಜಿನ ಸುತ್ತ ಕೂರಿಸಿಕೊಂಡು ಟೇಪ್ ಮಾಡಿಕೊಳ್ಳುವ ಹವ್ಯಾಸವೂ ಇತ್ತು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ 23 ರೀಲ್ ಟೇಪುಗಳೂ ನಲವತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳೂ ಇವೆ. ಕೆಲವು ಡಬ್ಬಿಗಳ ಮೇಲೆ ಪೆನ್ಸಿಲಿನಲ್ಲಿ ಬರೆದ ತಾರೀಖಿದೆ, ಕೆಲವದರ ಮೇಲೆ ಬರೀ ಒಂದು ಹೆಸರಿದೆ, ಉಳಿದವುಗಳ ಮೇಲೆ ಏನೂ ಇಲ್ಲ. ನನಗೆ ಪಿಟೀಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಮಗಳು ಆ ಪೆಟ್ಟಿಗೆಗಳನ್ನು ತಂದು ನನ್ನ ಮನೆಯ ಜಗಲಿಯಲ್ಲಿಟ್ಟು, "ಇವುಗಳಲ್ಲಿ ಏನಿದೆ ಎಂದು ನಮಗೆ ತಿಳಿಸಿಕೊಡಿ" ಎಂದರು.

ಒಂದು ರೀಲನ್ನು ಕೇಳಿದೆ. ಫಿಡ್ಲ್ ಎಂದರೆ ವಯಲಿನ್ನೇ, ವಾದ್ಯದಲ್ಲಿ ಬೇರೆ ಏನೂ ಇಲ್ಲ; ನಮ್ಮ "ಪಿಟೀಲು" ಎಂಬ ಮಾತು ಹುಟ್ಟಿದ್ದೇ ಆ "ಫಿಡ್ಲ್"ನಿಂದ. ಇದೆಲ್ಲ ಗೊತ್ತಿದ್ದರೂ ಆ ಧ್ವನಿ ಕಿವಿಗೆ ಬಿದ್ದ ಕೂಡಲೇ ಬೆಚ್ಚಿಬಿದ್ದೆ. ಪಾಶ್ಚಾತ್ಯ ವಯಲಿನ್ನಿನ ನಾಲ್ಕು ತಂತಿಗಳನ್ನು ಜಿ-ಡಿ-ಎ-ಇ ಎಂದು ಶ್ರುತಿ ಮಾಡುವುದು ವಾಡಿಕೆ. ಈ ಟೇಪಿನಲ್ಲಿ ನುಡಿಸುತ್ತಿದ್ದವರು ಕೆಳಗಿನ ಎರಡು ತಂತಿಗಳನ್ನು ಒಂದೊಂದು ಸ್ವರ ಏರಿಸಿ ಎ-ಇ-ಎ-ಇ ಎಂದು ಮಾಡಿಕೊಂಡಿದ್ದರು. ಅದು ನನ್ನ ಗುರುಗಳು ಮೊದಲ ದಿನವೇ ಕೂಡಿಸಿಕೊಟ್ಟ ಸ-ಪ-ಸ-ಪ! ಮಟ್ಟು ನಡೆಯುತ್ತಿರುವ ತಂತಿಯ ಪಕ್ಕದ ತಂತಿಯನ್ನೂ ಕಮಾನು ಸವರಿಕೊಂಡು ಹೋಗುವುದರಿಂದ ತಂಬೂರಿಯ ಹಾಗೆ ಒಂದು ನಾದ ಉದ್ದಕ್ಕೂ ನಿಂತಿರುತ್ತದೆ. ಸಾವಿರಾರು ಮೈಲಿಗಳ ಆಚೆ, ನಮ್ಮ ಸಂಗೀತದ ಗಂಧವೇ ಇಲ್ಲದ ರೈತನೊಬ್ಬ ತನ್ನ ದಾರಿಯಲ್ಲೇ ಅದೇ ಶ್ರುತಿಗೆ ಬಂದು ನಿಂತಿದ್ದ.

ಈಗ ನನ್ನ ಪ್ರಶ್ನೆ. ಪ್ರತಿಯೊಂದು ಮಟ್ಟನ್ನೂ ಕೇಳಿ ಸ್ವರಲಿಪಿಯಲ್ಲಿ ಬರೆಯುತ್ತಾ ಹೋಗಬೇಕೆಂಬುದು ನನ್ನ ಮನಸ್ಸಿನಲ್ಲಿರುವ ಯೋಜನೆ. ಇದು ಸರಿಯೇ? ಎಲ್ಲಿಂದ ತೊಡಗಬೇಕು?

ರೀಲುಡಬ್ಬಿ

ಕಾಲೇಜು ಗ್ರಂಥಾಲಯವೊಂದರ ಧ್ವನಿಸಂಗ್ರಹ ವಿಭಾಗದಲ್ಲಿ ಕೆಲಸ ಮಾಡುವವನಾಗಿ ಮೊದಲು ಒಂದು ವಿನಂತಿ: ದಯವಿಟ್ಟು ಇನ್ನೊಂದು ರೀಲನ್ನು ಈಗಲೇ ಹಾಕಬೇಡಿ. ಹಳೆಯ ಟೇಪು ಒಂದೇ ಸಲ ಚೆನ್ನಾಗಿ ಓಡಬಹುದು. ಆ ಒಂದು ಸಲವನ್ನು ಕುತೂಹಲಕ್ಕೆ ಕಳೆಯಬಾರದು.

ಮೊದಲು ಡಬ್ಬಿಗಳ ಎಲ್ಲ ಬದಿಗಳ ಛಾಯಾಚಿತ್ರ ತೆಗೆಯಿರಿ. ಪೆನ್ಸಿಲಿನ ಬರಹವೂ ಒಳಗೆ ಸಿಕ್ಕಿಸಿದ ಚೀಟಿಯೂ ದಾಖಲೆಯೇ. ಪೆಟ್ಟಿಗೆಯಲ್ಲಿ ಟೇಪುಗಳು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಸಂಖ್ಯೆ ಕೊಡಿ, ಅಂದವಾಗಿ ಕಾಣಲೆಂದು ತಾರೀಖಿನ ಪ್ರಕಾರ ಮರುಜೋಡಿಸಬೇಡಿ. ಆಮೇಲೆ ಪ್ರತಿ ರೀಲನ್ನೂ ದೀಪಕ್ಕೆ ಎದುರಾಗಿ ಹಿಡಿದು ನೋಡಿ. ಸುರುಳಿಯ ಬದಿಯಿಂದ ಬೆಳಕು ಹಾದು ಬಂದರೆ ಟೇಪಿನ ಪಟ್ಟಿ ಅಸಿಟೇಟಿನದು, ಬರದಿದ್ದರೆ ಪಾಲಿಯೆಸ್ಟರಿನದು. ಅಸಿಟೇಟ್ ಟೇಪು ಕೆಡತೊಡಗಿದರೆ ವಿನಿಗರ್ ವಾಸನೆ ಬರುತ್ತದೆ, ಅಂಥವನ್ನು ಉಳಿದವುಗಳಿಂದ ಕೂಡಲೇ ಬೇರ್ಪಡಿಸಬೇಕು. 1970 ಮತ್ತು 80ರ ದಶಕದ ಕೆಲವು ಪಾಲಿಯೆಸ್ಟರ್ ಟೇಪುಗಳಲ್ಲಿ ಕಾಂತಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿಕೊಂಡು ಜಿಗುಟಾಗಿರುತ್ತದೆ. ಅವು ಓಡುವಾಗ ಕಿರುಗುಟ್ಟುತ್ತವೆ, ಯಂತ್ರದ ತಲೆಗೆ ಕಂದು ಕೆಸರು ಮೆತ್ತಿಕೊಳ್ಳುತ್ತದೆ. ಅಂಥ ಟೇಪನ್ನು ಉಷ್ಣತೆ ನಿಯಂತ್ರಿಸುವ ಉಪಕರಣದಲ್ಲಿ ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿದರೆ ಕೆಲವು ವಾರಗಳ ಮಟ್ಟಿಗೆ ನುಡಿಸಲು ಬರುತ್ತದೆ. ಇದು ಮನೆಯ ಓವನ್‌ನಲ್ಲಿ ಮಾಡುವ ಕೆಲಸವಲ್ಲ, ಅಸಿಟೇಟ್ ಟೇಪಿಗಂತೂ ಎಂದೂ ಮಾಡಬಾರದು.

ಗಣಕೀಕರಿಸುವಾಗ 24 ಬಿಟ್, 96 ಕಿಲೋಹರ್ಟ್ಸ್ ವೇವ್ ಕಡತವಾಗಿ ಇಡಿ. ಸದ್ದು ತೆಗೆಯುವ, ಹೊಳಪು ಕೊಡುವ ಯಾವ ತಂತ್ರಾಂಶವನ್ನೂ ಮೂಲಪ್ರತಿಗೆ ತಾಗಿಸಬೇಡಿ. ಕೇಳುವುದಕ್ಕೆ ಬೇಕಾದ ಪ್ರತಿಯನ್ನು ಅದರಿಂದ ಬೇರೆಯಾಗಿ ಮಾಡಿಕೊಳ್ಳಬಹುದು.

ಇನ್ನೊಂದು ಮಾತು ನಿಮಗೆ ಉಪಯೋಗಕ್ಕೆ ಬರುತ್ತದೆ. ಮನೆಯ ಟೇಪ್ ಯಂತ್ರಗಳ ವೇಗ ನಂಬುವಂಥದ್ದಲ್ಲ, ಆದ್ದರಿಂದ ಟೇಪಿನಲ್ಲಿ ಕೇಳುವ ಶ್ರುತಿಯೇ ಅವರು ನುಡಿಸಿದ ಶ್ರುತಿ ಎಂದು ತೀರ್ಮಾನಿಸಬೇಡಿ. ವಿದ್ಯುತ್ತಿನಿಂದ ನಡೆದ ಯಂತ್ರವಾದರೆ ಧ್ವನಿಯ ತಳದಲ್ಲಿ ಒಂದು ಸಣ್ಣ ಝೇಂಕಾರ ಮುದ್ರಣವಾಗಿರುವುದುಂಟು. ಅಮೆರಿಕದಲ್ಲಿ ಅದು 60 ಹರ್ಟ್ಸ್, ನಮ್ಮಲ್ಲಿ 50. ಆ ಝೇಂಕಾರವನ್ನು ಅಳೆದಾಗ 57 ಬಂದರೆ ಟೇಪು ನಿಧಾನವಾಗಿ ಓಡುತ್ತಿದೆ, ನೀವು ಹತ್ತಿರ ಹತ್ತಿರ ಅರ್ಧ ಸ್ವರ ಕೆಳಗೆ ಕೇಳುತ್ತಿದ್ದೀರಿ ಎಂದರ್ಥ. ಈಗ ನುಡಿಸುತ್ತಿರುವ ಯಂತ್ರ ತಾನೇ ಸೇರಿಸುವ ಝೇಂಕಾರವನ್ನು ಮಾತ್ರ ಅದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಖಾಲಿ ಟೇಪು ಓಡಿಸಿ ಅದನ್ನು ಮೊದಲೇ ಗುರುತಿಸಿಟ್ಟುಕೊಳ್ಳಿ.

ಹಳೆತಟ್ಟೆ

ಮೂವತ್ತು ವರ್ಷಗಳಿಂದ 78ರ ವೇಗದ ಧ್ವನಿತಟ್ಟೆಗಳನ್ನು ಸಂಗ್ರಹಿಸುತ್ತಿರುವವನು ನಾನು. ಈ ಸಂಗೀತವನ್ನು ಸಂಗ್ರಹಿಸಿದವರು ಪ್ರತಿ ಕಾಲದಲ್ಲೂ ತಮ್ಮ ಉಪಕರಣಕ್ಕೂ ತಮ್ಮ ಅಭಿರುಚಿಗೂ ಎಟುಕಿದ್ದನ್ನಷ್ಟೇ ಹಿಡಿದರು, ಉಳಿದದ್ದು ಕೈಜಾರಿತು. ಹಾಗೆ ಬಿಟ್ಟುಹೋದದ್ದು ಏನು ಎಂಬುದನ್ನು ಅರಿಯದೆ ನಿಮ್ಮ ಪೆಟ್ಟಿಗೆಗಳ ಬೆಲೆ ತಿಳಿಯುವುದು ಕಷ್ಟ.

ಇಂಗ್ಲೆಂಡಿನ ಸೆಸಿಲ್ ಶಾರ್ಪ್ ಮತ್ತು ಮಾಡ್ ಕಾರ್ಪೆಲೆಸ್ 1916ರಿಂದ 1918ರವರೆಗೆ ಈ ಬೆಟ್ಟಗಳಲ್ಲಿ ಓಡಾಡಿ ಕಥನಗೀತೆಗಳನ್ನು ಕೇಳಿ ಬರೆದುಕೊಂಡರು. ಅವರಿಗೆ ಬೇಕಾಗಿದ್ದುದು ಇಂಗ್ಲೆಂಡಿನಿಂದ ವಲಸೆ ಬಂದ ಹಾಡು, ಹಾಗಾಗಿ ಫಿಡ್ಲಿನತ್ತ ಗಮನ ಹರಿದದ್ದು ಕಡಿಮೆ. ಟೆಕ್ಸಾಸ್‌ನ ಎಕ್ ರಾಬರ್ಟ್‌ಸನ್ 1922ರ ಜೂನ್ ಕೊನೆಯಲ್ಲಿ ಹೆನ್ರಿ ಗಿಲಿಲ್ಯಾಂಡ್ ಜೊತೆ ನ್ಯೂಯಾರ್ಕಿಗೆ ಹೋಗಿ ವಿಕ್ಟರ್ ಎಂಬ ಧ್ವನಿತಟ್ಟೆ ಕಂಪನಿಗೆ ನುಡಿಸಿದ ಫಿಡ್ಲ್ ತಟ್ಟೆಗಳನ್ನು ಕಂಟ್ರಿ ಸಂಗೀತದ ಮೊದಲ ವಾಣಿಜ್ಯ ಮುದ್ರಣಗಳೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಮರುವರ್ಷ ಓಕೆ ಎಂಬ ಇನ್ನೊಂದು ಧ್ವನಿತಟ್ಟೆ ಕಂಪನಿಯ ರಾಲ್ಫ್ ಪಿಯರ್ ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್‌ನನ್ನು ಮುದ್ರಿಸಿದ. ಇದಕ್ಕೆ ಗಿರಾಕಿಗಳಿದ್ದಾರೆ ಎಂದು ಕಂಪನಿಗಳಿಗೆ ಮನವರಿಕೆಯಾದದ್ದು ಆಗ. ಅದೇ ಪಿಯರ್ ಮುಂದೆ ವಿಕ್ಟರ್ ಪರವಾಗಿ 1927ರ ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ ಟೆನೆಸ್ಸೀ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿನಲ್ಲಿ ಯಂತ್ರ ಹೂಡಿ, 19 ತಂಡಗಳಿಂದ 76 ಹಾಡುಗಳನ್ನು ಮುದ್ರಿಸಿಕೊಂಡ. ಮುಂದೆ ಹೆಸರಾದ ಕಾರ್ಟರ್ ಕುಟುಂಬದ ತಂಡವೂ ಗಾಯಕ ಜಿಮ್ಮಿ ರಾಜರ್ಸ್‌ನೂ ಹೊರಜಗತ್ತಿಗೆ ಬಂದದ್ದು ಅಲ್ಲಿಂದಲೇ.

ಆದರೆ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷದ ಆಸುಪಾಸಿಗೆ ಮುಗಿದುಹೋಗುತ್ತದೆ. ಕುಣಿತದ ಅಂಗಳದಲ್ಲಿ ಒಂದೇ ಮಟ್ಟನ್ನು ಕಾಲು ಗಂಟೆ ನುಡಿಸುತ್ತಿದ್ದವರು, ಹತ್ತನೆಯ ಸುತ್ತಿನಲ್ಲಿ ಮಾತ್ರ ಹೊಮ್ಮುವ ಮಾರ್ಪಾಟುಗಳನ್ನು ಆ ಮೂರು ನಿಮಿಷದಲ್ಲಿ ತೋರಿಸುವುದಾದರೂ ಹೇಗೆ? ಜೊತೆಗೆ ಕಂಪನಿಗೆ ಹಾಡು ಹೆಚ್ಚು ಮಾರಾಟವಾಗುತ್ತಿದ್ದುದರಿಂದ ಬರೀ ಫಿಡ್ಲ್ ಹಿಂದೆ ಸರಿಯಿತು. ಕೆಂಟಕಿಯ ಮಗಾಫಿನ್ ಕೌಂಟಿಯ ಜಾನ್ ಸಾಲ್ಯರ್ ಕಂಪನಿಗಳ ಸಹವಾಸವೇ ಬೇಡವೆಂದವರು. 1940ರ ದಶಕದ ಆರಂಭದಲ್ಲಿ ಅವರ ಮಕ್ಕಳು ಮನೆಯಲ್ಲೇ ತಟ್ಟೆ ಕೊರೆಯುವ ಯಂತ್ರ ಇಟ್ಟು ಮುದ್ರಿಸದೆ ಇದ್ದಿದ್ದರೆ ಅವರ ಕೈ ಇಂದು ಯಾರಿಗೂ ಕೇಳುತ್ತಿರಲಿಲ್ಲ. ಆಶ್‌ಲೆಂಡ್‌ನ ಅಂಧ ವಾದಕ ಎಡ್ ಹೇಲಿಯ ಕಥೆಯೂ ಹಾಗೆಯೇ: ಮಗ ಮನೆಯಲ್ಲಿ ಮುದ್ರಿಸಿದ ತಟ್ಟೆಗಳಲ್ಲಿ ಒಂದು ಪಾಲು ಉಳಿಯಿತು, ಆ ಪಾಲಿನಿಂದಲೇ ಅವರು ದೊಡ್ಡ ವಾದಕ ಎಂದು ಮುಂದಿನವರು ಅರಿತರು. ಹೊಗೆಸೊಪ್ಪಿನ ರೈತ ಅಡುಗೆಮನೆಯಲ್ಲಿ ಮಾಡಿದ ಟೇಪುಗಳೂ ಇದೇ ಸಾಲಿಗೆ ಸೇರುತ್ತವೆ. ಅಲ್ಲಿ ಗಡಿಯಾರ ಹಿಡಿದು ನಿಂತ ಕಂಪನಿಯವರು ಯಾರೂ ಇರಲಿಲ್ಲ.

ತಾಳಪ್ರಸ್ತಾರ

ಟೇಪಿನ ರಕ್ಷಣೆ ಮೊದಲು ಎಂಬುದನ್ನು ಒಪ್ಪುತ್ತೇನೆ. ಆದರೆ ಸ್ವರಲಿಪಿಯ ಕೆಲಸವನ್ನು ಕೈಬಿಡಬೇಡಿ ಎಂದು ಒತ್ತಿ ಹೇಳಬಯಸುತ್ತೇನೆ. ಬರೆದುಕೊಳ್ಳಲು ಕುಳಿತಾಗ ಮಾತ್ರ ನಾವು ನಿಜವಾಗಿ ಕೇಳುತ್ತೇವೆ. ಇಪ್ಪತ್ತು ಸಲ ಕೇಳಿದರೂ ಗಮನಕ್ಕೆ ಬಾರದ ಒಂದು ಅರೆಎಣಿಕೆ ಬರೆಯಹೊರಟ ಕೂಡಲೇ ಕಾಲಿಗೆ ಎಡತಾಕುತ್ತದೆ. ಈ ಬೆಟ್ಟದ ಮಟ್ಟುಗಳಲ್ಲಿ ವಾದಕರೇ "ಸೊಟ್ಟ ಮಟ್ಟು" ಎಂದು ಕರೆಯುವ ಒಂದು ಬಗೆಯಿದೆ. ಎಂಟೆಂಟು ಎಣಿಕೆಯ ಚೌಕಟ್ಟಿನಲ್ಲಿ ನಡೆಯುತ್ತಿದ್ದ ಮಟ್ಟು ಒಂದು ಸಾಲಿನ ಕೊನೆಯಲ್ಲಿ ಒಂದೋ ಎರಡೋ ಎಣಿಕೆಯನ್ನು ಹೆಚ್ಚಾಗಿ ತೆಗೆದುಕೊಳ್ಳುತ್ತದೆ, ಇಲ್ಲವೇ ಕಡಿಮೆ ಮಾಡಿಕೊಳ್ಳುತ್ತದೆ. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಹಾಗೆ ಮಾಡುವುದರಿಂದ ಅದು ತಪ್ಪಲ್ಲ, ಆ ಮನೆತನದ ಪಾಠ. ಬರೆಯದೆ ಬಿಟ್ಟರೆ ಮುಂದೆ ನುಡಿಸುವವರು ಅದನ್ನು ತಿದ್ದಿ ನೇರ ಮಾಡಿಬಿಡುತ್ತಾರೆ. ನಮ್ಮ ಹಲಸಂಗಿ ಗೆಳೆಯರು ಸುಮಾರು ತೊಂಬತ್ತು ವರ್ಷಗಳ ಹಿಂದೆ ತ್ರಿಪದಿಗಳನ್ನು ಬರೆದಿಟ್ಟುಕೊಳ್ಳದೆ ಇದ್ದಿದ್ದರೆ ಎಷ್ಟು ಉಳಿಯುತ್ತಿದ್ದವು? ಬರಹಕ್ಕೆ ಆ ಶಕ್ತಿ ಇದೆ.

ಹಳೆತಟ್ಟೆ

ಆ ಶಕ್ತಿ ಇದೆ ನಿಜ. ಅದು ಎಲ್ಲಿಯವರೆಗೆ ಹೋಗಬಲ್ಲದು, ಹೋಗುವಾಗ ಏನನ್ನು ಉದುರಿಸಿಕೊಳ್ಳುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ.

1937ರ ಅಕ್ಟೋಬರಿನಲ್ಲಿ ಜಾನಪದ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ಕೆಂಟಕಿಯ ಸ್ಯಾಲ್ಯರ್ಸ್‌ವಿಲ್‌ನಲ್ಲಿ ಬಿಲ್ ಸ್ಟೆಪ್ ಎಂಬ ವಾದಕನಿಂದ "ಬೋನಪಾರ್ಟ್ಸ್ ರಿಟ್ರೀಟ್" ಎಂಬ ಮಟ್ಟನ್ನು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದಂತಿರುವ ಲೈಬ್ರರಿ ಆಫ್ ಕಾಂಗ್ರೆಸ್ಸಿಗಾಗಿ ಮುದ್ರಿಸಿದರು. ಮೇಲೆ ಹೇಳಿದ ಸಾಲ್ಯರ್ ಅವರ ಕೌಂಟಿಯೇ ಅದು. ನೆಪೋಲಿಯನ್ನನ ಸೇನೆಯ ಹಿಮ್ಮೆಟ್ಟುವಿಕೆಯ ಹೆಸರು ಹೊತ್ತ ಆ ಮಟ್ಟನ್ನು ಬಹಳ ಮಂದಿ ನಿಧಾನಗತಿಯಲ್ಲಿ, ಸೇನೆಯ ನಡಿಗೆಯ ಹಾಗೆ ನುಡಿಸುತ್ತಾರೆ. ಸ್ಟೆಪ್ ಅದನ್ನು ಕುಣಿತದ ವೇಗಕ್ಕೆ ಏರಿಸಿಕೊಂಡಿದ್ದ. ಸಂಗೀತಗಾರ್ತಿ ರೂತ್ ಕ್ರಾಫರ್ಡ್ ಸೀಗರ್ ಆ ತಟ್ಟೆಯನ್ನು ಮತ್ತೆ ಮತ್ತೆ ಕೇಳಿ ಸ್ವರಲಿಪಿಗೆ ಇಳಿಸಿದರು, ಅದು 1941ರಲ್ಲಿ ಅಚ್ಚಾಯಿತು. ಮರುವರ್ಷ ಸಂಗೀತ ಸಂಯೋಜಕ ಏರನ್ ಕೋಪ್‌ಲೆಂಡ್ ತಮ್ಮ "ರೋಡಿಯೊ" ಎಂಬ ಬ್ಯಾಲೆಯ ಕೊನೆಯ ಕುಣಿತಕ್ಕೆ ಅದನ್ನು ಬಹುಪಾಲು ಇದ್ದ ಹಾಗೆಯೇ ಎತ್ತಿಕೊಂಡರು. ಇಂದು ಅಮೆರಿಕದ ಹಳ್ಳಿಯ ಸಂಗೀತವೆಂದು ಜಗತ್ತಿನ ಸಭಾಂಗಣಗಳಲ್ಲಿ ವಾದ್ಯವೃಂದಗಳು ನುಡಿಸುವ ಹೆಸರಾಂತ ತುಣುಕುಗಳಲ್ಲಿ ಅದೂ ಒಂದು. ಅಷ್ಟು ದೂರ ಹೋದದ್ದು ಸ್ಟೆಪ್‌ನ ವೇಗ, ಸ್ಟೆಪ್‌ನ ಪಾಠಾಂತರ. ಹಿಂದೆ ಉಳಿದದ್ದು ಸ್ಟೆಪ್‌ನ ಹೆಸರು. ಅದರ ಜೊತೆಗೆ ಉಳಿದದ್ದು, ಮೂಲ ತಟ್ಟೆಯಲ್ಲಿ ಮಾತ್ರ ಕೇಳುವ ಆ ಕೆಳತಂತಿಯ ಗುಡುಗು ಮತ್ತು ಪ್ರತಿ ಸುತ್ತಿನಲ್ಲೂ ಕಮಾನು ಬೇರೆ ಬೇರೆ ಕಡೆ ಒತ್ತು ಹಾಕುವ ರೀತಿ. ಕಾಗದದ ಮೇಲೆ ಇದ್ದದ್ದು ಒಂದು ಸುತ್ತು. ಆ ಮನುಷ್ಯ ಎರಡು ಸಲ ಒಂದೇ ರೀತಿ ನುಡಿಸಿದವನಲ್ಲ.

ಆದ್ದರಿಂದ ಬರೆಯಿರಿ, ಆದರೆ ಯಾರ ಕೈಯಿಂದ ಯಾವ ದಿನ ಬಂದ ಪಾಠಾಂತರ ಎಂಬುದನ್ನು ಪ್ರತಿ ಹಾಳೆಯ ನೆತ್ತಿಯ ಮೇಲೆ ಬರೆಯಿರಿ.

ಕಿನ್ನರಿ

ಉತ್ತರ ಕರ್ನಾಟಕದಲ್ಲಿ ಕಿನ್ನರಿ ಜೋಗಿಗಳ ಹಾಡುಗಳನ್ನು ಮುದ್ರಿಸಿದ ಅನುಭವದಿಂದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ನಾನು ಕ್ಷೇತ್ರಕಾರ್ಯ ಆರಂಭಿಸಿದಾಗ ಕ್ಯಾಸೆಟ್ಟಿಗೆ ದುಡ್ಡು ಸಾಲುತ್ತಿರಲಿಲ್ಲ. ಹಾಡು ಮುಗಿದ ಕೂಡಲೇ ಯಂತ್ರ ನಿಲ್ಲಿಸುತ್ತಿದ್ದೆ, ಮುಂದಿನ ಹಾಡು ಆರಂಭವಾಗುವ ಹೊತ್ತಿಗೆ ಮತ್ತೆ ಒತ್ತುತ್ತಿದ್ದೆ. ಹಾಡುಗಳೆಲ್ಲ ಉಳಿದವು. ಆದರೆ ಆ ಹಿರಿಯರು ಹಾಡಿನ ನಡುವೆ ತಂತಿ ಬಿಗಿಯುತ್ತಾ, ಎಲೆಅಡಿಕೆ ಮಡಿಸುತ್ತಾ ಹೇಳಿದ ಮಾತುಗಳು ಒಂದೂ ಉಳಿಯಲಿಲ್ಲ: ಈ ಧಾಟಿ ಯಾರಿಂದ ಬಂತು, ಯಾವ ಊರಿನಲ್ಲಿ ಯಾವ ಕಥೆ ಹಾಡಬಾರದು, ಕಿನ್ನರಿಯ ಸೋರೆಬುರುಡೆ ಯಾರ ಹೊಲದ್ದು. ಅವರು ತೀರಿಕೊಂಡ ಮೇಲೆ ನನ್ನ ಬಳಿ ಹಾಡುಗಳಿವೆ, ಅವರಿಲ್ಲ.

ಹಾಗಾಗಿ ನಿಮ್ಮ ರೀಲುಗಳಲ್ಲಿ ಮಟ್ಟುಗಳ ನಡುವಿನ ಮಾತನ್ನು ಕತ್ತರಿಸಿ ಎಸೆಯಬೇಡಿ. ಕೆಮ್ಮು, ನಗು, ಬಾಗಿಲ ಸದ್ದು, ಮಗುವಿನ ಅಳು ಎಲ್ಲವನ್ನೂ ಇದ್ದ ಹಾಗೇ ಇಡಿ.

ಅಮೆರಿಕದಲ್ಲೇ ಇದಕ್ಕೊಂದು ಮಾದರಿ ಇದೆ. ಅಲನ್ ಜಬೂರ್ ಶಾಸ್ತ್ರೀಯ ವಯಲಿನ್ ಕಲಿತಿದ್ದ, ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. 1966ರಲ್ಲಿ ಆತ ವರ್ಜೀನಿಯಾದ ಗ್ಲೆನ್ ಲಿನ್ ಎಂಬ ಸಣ್ಣ ಊರಿನಲ್ಲಿ ಹೆನ್ರಿ ರೀಡ್ ಎಂಬ ಫಿಡ್ಲ್ ವಾದಕರ ಮನೆಗೆ ಹೋದಾಗ ರೀಡ್ ಅವರಿಗೆ 82 ವರ್ಷ. ಜಬೂರ್ ಮತ್ತೆ ಮತ್ತೆ ಹೋದರು, ಕಮಾನಿನ ಚಲನೆಯನ್ನು ಕಣ್ಣಿಟ್ಟು ನೋಡಿದರು, ಪ್ರತಿ ಮಟ್ಟಿಗೂ "ಇದು ಯಾರದ್ದು?" ಎಂದು ಕೇಳಿದರು. ರೀಡ್ ಹಲವು ಮಟ್ಟುಗಳಿಗೆ ಕ್ವಿನ್ಸ್ ಡಿಲಿಯನ್ ಎಂಬ ಮುದುಕರನ್ನು ನೆನೆದರು. ಅವರು ಮೆಕ್ಸಿಕೋ ಯುದ್ಧದ ಕಾಲಕ್ಕೆ ಸೇನೆಯಲ್ಲಿ ಕೊಳಲೂದಿದವರು. ಆ ಒಂದು ಪ್ರಶ್ನೆಯಿಂದ ಟೇಪ್ ಯಂತ್ರದ ಕಾಲದ ಮಟ್ಟೊಂದು ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಕೊಂಡಿ ಹಾಕಿಕೊಂಡಿತು. ಈಗ ಆ ಸಂಗ್ರಹದಲ್ಲಿ 184 ಧ್ವನಿಮುದ್ರಣಗಳೂ 69 ಸ್ವರಲಿಪಿಗಳೂ ಜಬೂರ್ ಅವರ ಟಿಪ್ಪಣಿಗಳೂ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿ ಒಟ್ಟಿಗೇ ಇವೆ. ಕಿವಿಗೂ ಕಣ್ಣಿಗೂ ಒಟ್ಟಿಗೆ ಸಿಗುವಂತೆ ಇಟ್ಟಿರುವುದೇ ಅದರ ಹಿರಿಮೆ. ರೀಡ್ ನುಡಿಸಿದ "ಓವರ್ ದ ವಾಟರ್‌ಫಾಲ್" ಮಟ್ಟನ್ನು ಇಂದು ಹಳೆಯ ಶೈಲಿಯ ಫಿಡ್ಲ್ ಕಲಿಯುವ ಮಕ್ಕಳೂ ನುಡಿಸುತ್ತಾರೆ.

ಬ್ಯಾಂಜೊಚರ್ಮ

ಸರ್ರಿ ಕೌಂಟಿ ಎಂದ ಕೂಡಲೇ ಫಿಡ್ಲ್ ವಾದಕ ಟಾಮಿ ಜ್ಯಾರೆಲ್ ನೆನಪಾಗುತ್ತಾರೆ. 1901ರಲ್ಲಿ ಹುಟ್ಟಿ, ರಸ್ತೆ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಮೇಲೆ ಟೋಸ್ಟ್ ಎಂಬ ಹಳ್ಳಿಯ ತಮ್ಮ ಮನೆಯ ಬಾಗಿಲನ್ನು ದೇಶದ ಮೂಲೆ ಮೂಲೆಯಿಂದ ಬರುವ ಹುಡುಗ ಹುಡುಗಿಯರಿಗೆ ತೆರೆದಿಟ್ಟವರು. 1982ರಲ್ಲಿ ಅವರಿಗೆ ರಾಷ್ಟ್ರೀಯ ಪರಂಪರಾ ಗೌರವ ಸಂದಿತು. ಕಲಿಯಬಂದವರಲ್ಲಿ ಬಹಳ ಮಂದಿ ಟೇಪ್ ಯಂತ್ರ ತಂದರು, ಅವರ ಜೊತೆ ಊಟ ಮಾಡಿದರು, ಅಲ್ಲಿಯೇ ಮಲಗಿದರು. ನಿಮ್ಮ ಟೇಪುಗಳ ರೈತ ಅದೇ ವಾತಾವರಣದಲ್ಲಿ ಬೆಳೆದವರಾದ್ದರಿಂದ ಅವರ ಮಟ್ಟುಗಳನ್ನು ಜ್ಯಾರೆಲ್ ಪಾಠಾಂತರಗಳ ಪಕ್ಕಕ್ಕಿಟ್ಟು ನೋಡಬಹುದು. ಎಲ್ಲಿ ಭೇದವಿದೆಯೋ ಅಲ್ಲಿ ಹೆಚ್ಚು ಕಿವಿಗೊಡಿ.

ಇನ್ನೊಂದನ್ನು ಕುಟುಂಬದವರನ್ನು ಕೇಳಲೇಬೇಕು: ಆ ಮನೆಗೆ ಬಂದು ನುಡಿಸಿದವರು, ಅವರಿಗೆ ಕಲಿಸಿದವರು ಯಾರು ಯಾರು? ಬ್ಯಾಂಜೊ ಪಶ್ಚಿಮ ಆಫ್ರಿಕಾದ ವಾದ್ಯಗಳ ವಂಶದ್ದು, ಗುಲಾಮರಾಗಿ ಬಂದವರ ಜೊತೆ ಬಂದದ್ದು. ದಕ್ಷಿಣದ ಕುಣಿತಗಳಿಗೆ ಫಿಡ್ಲ್ ನುಡಿಸಿದವರಲ್ಲಿ ಕಪ್ಪು ಜನರು ಬಹಳ ಮಂದಿ ಇದ್ದರು. ಆದರೆ 1920ರ ದಶಕದ ಕಂಪನಿಗಳು ಕಪ್ಪು ಜನರಿಗೊಂದು ಪಟ್ಟಿ, ಬಿಳಿಯರಿಗೊಂದು ಪಟ್ಟಿ ಮಾಡಿ, ಫಿಡ್ಲನ್ನು ಬಿಳಿಯರ ಪಟ್ಟಿಗೆ ಹಾಕಿದ್ದರಿಂದ ಕಪ್ಪು ಫಿಡ್ಲ್ ವಾದಕರು ಎರಡೂ ಕಡೆಯಿಂದ ಬಹುಮಟ್ಟಿಗೆ ಹೊರಗುಳಿದರು. ತಟ್ಟೆಗಳನ್ನಷ್ಟೇ ನೋಡಿದವರಿಗೆ ಅವರು ಇರಲೇ ಇಲ್ಲ ಎನ್ನಿಸುವಷ್ಟು! ನಿಮ್ಮ ರಾಜ್ಯದ ಮೆಬೇನ್ ಊರಿನ ಕಪ್ಪು ಫಿಡ್ಲ್ ವಾದಕ ಜೋ ತಾಂಪ್ಸನ್ 1918ರಲ್ಲಿ ಹುಟ್ಟಿ 2012ರವರೆಗೆ ಬಾಳಿದರು. ಕೊನೆಯ ವರ್ಷಗಳಲ್ಲಿ ಕೆರೊಲಿನಾ ಚಾಕೊಲೆಟ್ ಡ್ರಾಪ್ಸ್ ತಂಡದ ಯುವ ವಾದಕರು ಅವರ ಮನೆಗೆ ಹೋಗಿ ಕೂತು ಕಲಿತದ್ದರಿಂದ ಆ ಧಾರೆ ಕಾಣದಾಗದೆ ಉಳಿಯಿತು. ನಿಮ್ಮ ಡಬ್ಬಿಗಳ ಮೇಲಿರುವ ಆ ಬಿಡಿ ಹೆಸರುಗಳಲ್ಲಿ ಅಂಥವರೂ ಇರಬಹುದು. ವಿಚಾರಿಸುವ ಮೊದಲೇ ಊಹೆ ಮಾಡಿ ಬರೆಯಬೇಡಿ.

ರೀಲುಡಬ್ಬಿ

ಹಕ್ಕಿನ ವಿಚಾರ ಯಾರೂ ಎತ್ತಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದಲ್ಲಿ 2018ರ ಕಾಯಿದೆಯ ಪ್ರಕಾರ 1923ಕ್ಕಿಂತ ಮುಂಚೆ ಪ್ರಕಟವಾದ ಧ್ವನಿಮುದ್ರಣಗಳು 2022ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದವು. ಆದರೆ 1972ರ ಫೆಬ್ರುವರಿ 15ಕ್ಕಿಂತ ಮುಂಚೆ ಮುದ್ರಿಸಿ ಎಂದೂ ಪ್ರಕಟಿಸದ ಮನೆಟೇಪುಗಳಿಗೆ 2067ರ ಫೆಬ್ರುವರಿವರೆಗೆ ರಕ್ಷಣೆ ಇದೆ. ಮಟ್ಟು ಎಷ್ಟೇ ಹಳೆಯದಾಗಿರಲಿ, ಅದನ್ನು ಆ ದಿನ ನುಡಿಸಿದ ಧ್ವನಿ ಬೇರೆ ವಸ್ತು. ಆದ್ದರಿಂದ ಕುಟುಂಬದವರಿಂದಲೂ, ಗುರುತು ಸಿಕ್ಕ ವಾದಕರ ಮನೆಯವರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಯಾವುದಕ್ಕೆ ಒಪ್ಪಿದರು, ಯಾವುದಕ್ಕೆ ಒಪ್ಪಲಿಲ್ಲ ಎಂಬುದನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಗ್ರಂಥಾಲಯಕ್ಕೆ ಕೊಡಲು ಒಪ್ಪಿದವರು ಅಂತರ್ಜಾಲಕ್ಕೆ ಏರಿಸಲು ಒಪ್ಪದಿರಬಹುದು. ಈ ಸೀಮೆಯ ಸಂಗೀತಕ್ಕೆ ಚಾಪೆಲ್ ಹಿಲ್‌ನ ಸದರ್ನ್ ಫೋಕ್‌ಲೈಫ್ ಕಲೆಕ್ಷನ್ ಇದೆ, ಕೆಂಟಕಿಯ ಬೆರಿಯಾ ಕಾಲೇಜಿನ ಧ್ವನಿಸಂಗ್ರಹ ಇದೆ. ಕುಟುಂಬದವರಿಗೆ ಒಂದು ಪೂರ್ಣ ಪ್ರತಿ ಉಳಿಯಬೇಕೆಂಬುದನ್ನು ಮೊದಲ ಷರತ್ತಾಗಿ ಇಡಿ.

ತಾಳಪ್ರಸ್ತಾರ

ಕಿನ್ನರಿ ಅವರ ಮಾತು ಓದಿದ ಮೇಲೆ ನನ್ನ ನಿಲುವನ್ನು ಸ್ವಲ್ಪ ಸಡಿಲಿಸುತ್ತೇನೆ. ಆದರೂ ಒಂದು ಸೂಚನೆ: ನಮ್ಮ ಸ್ವರಲಿಪಿಯಲ್ಲಿ ಕಮಾನಿನ ಎಳೆತ ಮತ್ತು ನೂಕುಗಳಿಗೆ ಗುರುತಿಲ್ಲ, ಪಾಶ್ಚಾತ್ಯ ಲಿಪಿಯಲ್ಲಿ ಇದೆ. ಈ ಶೈಲಿಯಲ್ಲಿ ಲಯ ಇರುವುದೇ ಬಲಗೈಯಲ್ಲಿ. ಎಡಗೈ ಸ್ವರಗಳನ್ನು ಸರಿಯಾಗಿ ಬರೆದು ಕಮಾನಿನ ದಿಕ್ಕನ್ನು ಬಿಟ್ಟರೆ ಅದು ತಾಳವಿಲ್ಲದ ಪಲ್ಲವಿಯಾಗುತ್ತದೆ. ಧ್ವನಿಯಿಂದ ಕಮಾನಿನ ದಿಕ್ಕನ್ನು ಊಹಿಸುವುದು ಕಷ್ಟ, ಹಾಗಾಗಿ ಖಚಿತವಿದ್ದಲ್ಲಿ ಮಾತ್ರ ಗುರುತು ಹಾಕಿ. ಉಳಿದದ್ದನ್ನು ಆ ಸೀಮೆಯಲ್ಲಿ ಈಗಲೂ ನುಡಿಸುತ್ತಿರುವ ಹಿರಿಯರೊಬ್ಬರ ಮುಂದೆ ಟೇಪು ಹಾಕಿ, ಅವರ ಕೈಯನ್ನು ನೋಡಿ ತುಂಬಿಸಿಕೊಳ್ಳಿ.

ಮಂದ್ರಪಂಚಮ

ನಾಲ್ಕು ತಿಂಗಳ ಮೇಲೆ ಮರಳಿ ಬರೆಯುತ್ತಿದ್ದೇನೆ. ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ರೀಲುಡಬ್ಬಿ ಅವರ ಎಚ್ಚರಿಕೆಯಂತೆ ಎಲ್ಲ ಡಬ್ಬಿಗಳ ಚಿತ್ರ ತೆಗೆದು, ಸಂಖ್ಯೆ ಹಾಕಿ, ಬೆಳಕಿಗೆ ಹಿಡಿದು ನೋಡಿದೆ. ಒಂಬತ್ತು ರೀಲು ಅಸಿಟೇಟ್, ಎರಡಕ್ಕೆ ವಿನಿಗರ್ ವಾಸನೆ ಬಂದಿತ್ತು. ರೀಲುಗಳನ್ನು ನಾನೇ ಓಡಿಸುವ ಧೈರ್ಯ ಮಾಡದೆ ಪರಿಣತರಿಗೆ ಒಪ್ಪಿಸಿದೆವು. ಕ್ಯಾಸೆಟ್ಟುಗಳನ್ನು, ಅಳಿಸಿಹೋಗದಂತೆ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದು, ಮನೆಯಲ್ಲೇ ಗಣಕೀಕರಿಸುತ್ತಿದ್ದೇನೆ.

ನಾನು ಮೊದಲು ಕೇಳಿದ ರೀಲಿನ ಬಗ್ಗೆ ಒಂದು ವಿಷಯ ಹೇಳಬೇಕು. ಆ ವಾದಕರು ನನ್ನ ಕಿವಿಗೆ ಬಿ-ಫ್ಲಾಟ್ ಆಧಾರ ಶ್ರುತಿಯಲ್ಲಿ ಕೇಳಿಸಿದ್ದರು. ಕುಣಿತದ ಗದ್ದಲವನ್ನು ಮೀರಲು ಹೀಗೆ ಬಿಗಿಯಾಗಿ ಏರಿಸಿಕೊಂಡಿದ್ದಾರೆ ಎಂದು ಆ ದಿನ ಪುಸ್ತಕದಲ್ಲಿ ಬರೆದುಕೊಂಡೂ ಇದ್ದೆ. ಝೇಂಕಾರ ಅಳೆದಾಗ 63.5 ಬಂತು. ಟೇಪು ವೇಗವಾಗಿ ಓಡುತ್ತಿತ್ತು. 60ಕ್ಕೆ ತಂದ ಕೂಡಲೇ ಶ್ರುತಿ ಅರ್ಧ ಸ್ವರ ಇಳಿದು ಸರಿಯಾಗಿ "ಎ"ಗೆ ಬಂದು ನಿಂತಿತು. ಮಟ್ಟಿನ ಆತುರ ಹೋಗಿ ಅದಕ್ಕೊಂದು ಬಗೆಯ ತೂಗು ಬಂತು. ಕುಣಿಯುವ ಹೆಜ್ಜೆಗೆ ಹೊಂದುವ ನಡೆ ಅದು ಎಂದು ಆಗ ಅರಿವಾಯಿತು.

ಫಿಡ್ಲಿನ ಜೊತೆಗೆ ಒಂದು ಸಣ್ಣ ಗರಗರ ಸದ್ದು ಬರುತ್ತಿತ್ತು. ಟೇಪಿನ ದೋಷವೆಂದುಕೊಂಡಿದ್ದೆ, ಸದ್ದು ತೆಗೆಯುವ ತಂತ್ರಾಂಶ ಹಾಕಿದ್ದರೆ ಅದೇ ಮೊದಲು ಹೋಗುತ್ತಿತ್ತು. ಮಗಳು ಕೇಳಿ ತಮ್ಮ ಮನೆಗೆ ಹೋಗಿ ತಂದೆಯ ಫಿಡ್ಲನ್ನು ತಂದರು. ಅಲುಗಿಸಿದರೆ ಒಳಗಿನಿಂದ ಅದೇ ಸದ್ದು. ಗಿಲಕಿ ಹಾವಿನ ಬಾಲದ ಗಿಲಕಿ! ಈ ಬೆಟ್ಟಗಳ ವಾದಕರು ಅದನ್ನು ವಾದ್ಯದ ಹೊಟ್ಟೆಯೊಳಗೆ ಹಾಕಿಡುವುದುಂಟು. ನಾದ ಚೆನ್ನಾಗುತ್ತದೆ ಎನ್ನುವವರಿದ್ದಾರೆ, ಇಲಿ ಜೇಡಗಳು ಬರುವುದಿಲ್ಲ ಎನ್ನುವವರಿದ್ದಾರೆ. ವಾದ್ಯದ ಕಿಂಡಿಗೆ ಟಾರ್ಚ್ ಬಿಟ್ಟಾಗ ಧೂಳಿನ ನಡುವೆ ಒಣ ಹುಣಸೆ ಸಿಪ್ಪೆಯ ಬಣ್ಣದ ಉಂಗುರಗಳು ಕಂಡವು. ಏಳು ಉಂಗುರ, ನಾವಿಬ್ಬರೂ ಎಣಿಸಿದೆವು. ಅದನ್ನೂ ಪಟ್ಟಿಯಲ್ಲಿ ಬರೆದಿದ್ದೇವೆ.

ಹೆಸರುಗಳ ವಿಷಯದಲ್ಲಿ ಬ್ಯಾಂಜೊಚರ್ಮ ಅವರು ಹೇಳಿದಂತೆ ಊಹೆ ಮಾಡದೆ ಊರಿನ ಮೂವರು ಹಿರಿಯರನ್ನು ಕೇಳಿದೆವು. ಆರು ಹೆಸರುಗಳಿಗೆ ಮುಖ ಸಿಕ್ಕಿದೆ. ಅವರಲ್ಲಿ ಒಬ್ಬರು ಪಕ್ಕದ ಹೊಲದಲ್ಲಿ ಗೇಣಿ ಮಾಡುತ್ತಿದ್ದ ಕಪ್ಪು ಮನೆತನದ ಬ್ಯಾಂಜೊ ವಾದಕರು. ಅವರ ಮೊಮ್ಮಗಳ ಮನೆ ನಮ್ಮಿಂದ ಒಂದು ಗಂಟೆಯ ದಾರಿ. ಅಜ್ಜನ ಧ್ವನಿ ಟೇಪಿನಲ್ಲಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಮುಂದಿನ ಭಾನುವಾರ ಪ್ರತಿ ತೆಗೆದುಕೊಂಡು ಹೋಗುತ್ತಿದ್ದೇವೆ. ಒಪ್ಪಿಗೆಯ ಮಾತು ಅವರು ಕೇಳಿದ ಮೇಲೆ.

ಸ್ವರಲಿಪಿಯನ್ನೂ ಬಿಟ್ಟಿಲ್ಲ. ಈವರೆಗೆ ಹನ್ನೊಂದು ಮಟ್ಟು ಬರೆದಿದ್ದೇನೆ, ನಮ್ಮ ಲಿಪಿಯಲ್ಲಿ ಒಂದು ಸಲ, ಪಾಶ್ಚಾತ್ಯ ಲಿಪಿಯಲ್ಲಿ ಒಂದು ಸಲ. ಪ್ರತಿಯೊಂದರ ಮೇಲೂ ರೀಲಿನ ಸಂಖ್ಯೆ, ನಿಮಿಷ, ಕ್ಷಣ. ಕೊನೆಗೆ ಬರೆದದ್ದು ಹದಿನಾಲ್ಕನೆಯ ರೀಲಿನದು. ಮಟ್ಟು ಮುಗಿದ ಮೇಲೆ ಮನೆಯೊಡೆಯರು "ಇದಕ್ಕೇನು ಹೆಸರು?" ಎಂದು ಕೇಳುತ್ತಾರೆ. ನುಡಿಸಿದ ಹೆಂಗಸು ತಡೆದು, ಇದಕ್ಕೆ ಹೆಸರಿದ್ದುದನ್ನು ತಾನು ಕೇಳಿಲ್ಲ, ತಾಯಿ ಬೆಣ್ಣೆ ಕಡೆಯುವಾಗ ಗುನುಗುತ್ತಿದ್ದರು, ಅದನ್ನು ಕೇಳಿ ಫಿಡ್ಲಿಗೆ ತಂದುಕೊಂಡೆ ಎನ್ನುತ್ತಾರೆ. ಹಿಂದೆ ಬಾಗಿಲು ತೆರೆದ ಸದ್ದಾಗಿ ಯಾರೋ ಒಳಗೆ ಬರುತ್ತಾರೆ, ಆಕೆ ಇನ್ನೊಮ್ಮೆ ನುಡಿಸುತ್ತಾರೆ. ಆ ನಮೂದನ್ನು ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ: "ಹೆಸರಿಲ್ಲದ ಮಟ್ಟು. ಶ್ರುತಿ ಎ-ಇ-ಎ-ಇ. ಎರಡನೆಯ ಭಾಗದ ಕೊನೆಯಲ್ಲಿ ಎರಡು ಎಣಿಕೆ ಹೆಚ್ಚು, ಪ್ರತಿ ಸುತ್ತಿನಲ್ಲೂ. ನುಡಿಸಿದವರು ತಾಯಿಯ ಗುನುಗಿನಿಂದ ಕಲಿತದ್ದು. ನುಡಿಸಿದವರ ಗುರುತು ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇವೆ."